ಬೇಸಾಯದ ಲೆಕ್ಕಕ್ಕೆ ಗಣಕಯಂತ್ರ: ಕೋಷ್ಟಕ ಕಟ್ಟುವ ಕ್ರಮ



ಹೈನುಗಾರಿಕೆಯ ತರಬೇತಿಗೆ ಬಂದಿದ್ದ ರೈತ ಮಹಿಳೆಯೊಬ್ಬರು ಒಂದು ಪ್ರಶ್ನೆಯನ್ನು ಮುಂದಿಟ್ಟರು. ಅವರ ಕೊಟ್ಟಿಗೆಯಲ್ಲಿ ಎರಡು ಮಿಶ್ರತಳಿ ಹಸುಗಳಿದ್ದವು. ಗೌರಿ ಎಂಬುದು ಕರು ಹಾಕಿದ ಹೊಸತರಲ್ಲಿ ದಿನಕ್ಕೆ 14 ಲೀಟರ್ ಹಾಲು ಕೊಡುತ್ತಿತ್ತು. ತುಂಗೆ ಎಂಬುದು 10 ಲೀಟರನ್ನು ಎಂದೂ ದಾಟಿರಲಿಲ್ಲ. ಮೇವಿನ ಅಭಾವದಿಂದ ಒಂದನ್ನು ಮಾರಲೇಬೇಕಾಗಿತ್ತು. ತುಂಗೆಯನ್ನು ಮಾರಿರೆಂದು ಊರಿನವರೆಲ್ಲ ಹೇಳಿದ್ದರು, ಮುಂಗಡವನ್ನೂ ಪಡೆದಾಗಿತ್ತು. ಆದರೂ ಆಕೆಯ ಮನಸ್ಸು ಒಪ್ಪಿರಲಿಲ್ಲ. "ನಾಲ್ಕು ವರ್ಷದ ಲೆಕ್ಕವೆಲ್ಲ ಕಂಪ್ಯೂಟರಿನಲ್ಲಿದೆ, ಮಗ ದಿನಾ ಬರೆಯುತ್ತಾನೆ, ಅದು ಏನು ಹೇಳುತ್ತದೆ ನೋಡಿ" ಎಂದರು.

ನೋಡಿದೆವು. ತಿಂಗಳಿಗೊಂದು ಹಾಳೆ, ಮೇಲ್ಗಡೆ ಬಣ್ಣದ ತಲೆಬರಹ, ಅಂದವಾಗಿಯೇ ಇತ್ತು. ಆದರೆ ಒಂದು ಕೋಶದಲ್ಲಿ "ಗೌರಿ ಬೆ 6 ಸಂ 5" ಎಂದಿದ್ದರೆ, ಅದರ ಕೆಳಗೆ "ಡಾಕ್ಟರು ಬಂದಿದ್ದರು 300" ಎಂದಿತ್ತು. ಮುಂದಿನ ತಿಂಗಳ ಹಾಳೆಯಲ್ಲಿ ಗೌರಿಯ ಹೆಸರಿನ ಬದಲು "ಕೆಂಪು ಹಸು" ಎಂದಿತ್ತು. ಪುಸ್ತಕದಲ್ಲಿ ಬರೆಯುವುದನ್ನೇ ಪರದೆಯ ಮೇಲೆ ಬರೆದಂತಾಗಿತ್ತು. ಓದುವ ಮನುಷ್ಯನಿಗೆ ಎಲ್ಲವೂ ಅರ್ಥವಾಗುತ್ತಿತ್ತು. ಯಂತ್ರಕ್ಕೆ ಮಾತ್ರ ಒಂದನ್ನೂ ಕೂಡಿಸಲು ಬರುವಂತಿರಲಿಲ್ಲ. ನಾಲ್ಕು ವರ್ಷದ ಶ್ರಮವಿದ್ದೂ ಉತ್ತರ ಹೊರಡಲಿಲ್ಲ.

ಇಂತಹ ಲೆಕ್ಕಗಳನ್ನು ನಾವು ಹಲವು ಮನೆಗಳಲ್ಲಿ ಕಂಡಿದ್ದೇವೆ. ಗಣಕಯಂತ್ರವನ್ನು ಕಲಿಯುವುದೆಂದರೆ ಗುಂಡಿಗಳನ್ನು ಒತ್ತಲು ಕಲಿಯುವುದೆಂದು ಬಹುಮಂದಿ ಭಾವಿಸುತ್ತಾರೆ. ನಿಜವಾಗಿ ಕಲಿಯಬೇಕಾದುದು ಕೋಷ್ಟಕವನ್ನು ಕಟ್ಟುವ ಕ್ರಮ. ಅದು ಸರಿಯಿದ್ದರೆ ಗುಂಡಿಗಳು ಒಂದೆರಡು ವಾರದಲ್ಲಿ ಕೈಗೆ ಬರುತ್ತವೆ.

ಯಾವ ತಂತ್ರಾಂಶ?

ಕಚೇರಿ ಕೆಲಸದ ತಂತ್ರಾಂಶಗಳಲ್ಲಿ ಮುಖ್ಯವಾಗಿ ಮೂರು ಸಲಕರಣೆಗಳಿರುತ್ತವೆ: ಪತ್ರ ಬರೆಯಲು ಒಂದು, ಲೆಕ್ಕದ ಹಾಳೆ ಒಂದು, ದತ್ತಾಂಶವನ್ನು ಕೋಷ್ಟಕಗಳಾಗಿ ಜೋಡಿಸಿಡುವ ದತ್ತಸಂಚಯ ಒಂದು. ಮೈಕ್ರೋಸಾಫ್ಟ್ ಸಂಸ್ಥೆಯ ಕಟ್ಟಿನಲ್ಲಿ ಇವಕ್ಕೆ ವರ್ಡ್, ಎಕ್ಸೆಲ್, ಆಕ್ಸೆಸ್ ಎಂದು ಹೆಸರು. ಇದನ್ನು ಹಣ ಕೊಟ್ಟು ಪಡೆಯಬೇಕು. ಆಕ್ಸೆಸ್ ಎಲ್ಲ ಆವೃತ್ತಿಗಳಲ್ಲಿಯೂ ಬರುವುದಿಲ್ಲ. ಲಿಬ್ರೆಆಫೀಸ್ ಎಂಬುದು 2010ರಲ್ಲಿ ಪ್ರಾರಂಭವಾದ ಮುಕ್ತ ತಂತ್ರಾಂಶ. ಅದರಲ್ಲಿ ರೈಟರ್, ಕ್ಯಾಲ್ಕ್, ಬೇಸ್ ಎಂಬ ಮೂರೂ ಇವೆ, ಬೆಲೆಯಿಲ್ಲ. ರೈತ ಕುಟುಂಬದ ಅವಶ್ಯಕತೆಗೆ ಇದು ಧಾರಾಳವಾಗಿ ಸಾಕು. ಮುಂದೆ ಹೇಳುವ ಸಂಗತಿಗಳು ಎರಡಕ್ಕೂ ಅನ್ವಯಿಸುತ್ತವೆ.

ಲೆಕ್ಕದ ಹಾಳೆ ಹೊಸ ವಸ್ತುವೇನಲ್ಲ. ಡಾನ್ ಬ್ರಿಕ್ಲಿನ್ ಮತ್ತು ಬಾಬ್ ಫ್ರಾಂಕ್‌ಸ್ಟನ್ ಎಂಬ ಇಬ್ಬರು ಅಮೆರಿಕದವರು 1979ರಲ್ಲಿ ವಿಸಿಕ್ಯಾಲ್ಕ್ ಎಂಬ ಹೆಸರಿನಲ್ಲಿ ಅದನ್ನು ಹೊರತಂದರು. ಒಂದು ಅಂಕಿಯನ್ನು ತಿದ್ದಿದರೆ ಅದನ್ನು ಅವಲಂಬಿಸಿದ ಎಲ್ಲ ಮೊತ್ತಗಳೂ ತಾವಾಗಿಯೇ ತಿದ್ದಿಕೊಳ್ಳುವುದು ಅದರ ವಿಶೇಷವಾಗಿತ್ತು. ಇಂದಿಗೂ ಅದೇ ಅದರ ಜೀವಾಳ.

ಮೊದಲು ಪ್ರಶ್ನೆ, ಆಮೇಲೆ ಹಾಳೆ

ತರಬೇತಿ ಕೇಂದ್ರಗಳಲ್ಲಿ ಮೊದಲ ದಿನ ಅಕ್ಷರದ ಗಾತ್ರ, ಎರಡನೆಯ ದಿನ ಬಣ್ಣ, ಮೂರನೆಯ ದಿನ ಗೆರೆ ಎಂದು ಕಲಿಸುವುದುಂಟು. ಹೀಗೆ ಕಲಿತವರು ತಿಂಗಳೊಳಗೆ ಮರೆಯುತ್ತಾರೆ. ನೀವು ಹೀಗೆ ಮಾಡಬೇಡಿ. ನಿಮಗೆ ನಿಜವಾಗಿ ತಿಳಿಯಬೇಕಾದ ಒಂದೇ ಒಂದು ಪ್ರಶ್ನೆಯನ್ನು ಕಾಗದದ ಮೇಲೆ ಬರೆದುಕೊಳ್ಳಿ. "ಹೊಳೆಹೊಲದ ರಾಗಿಯಲ್ಲಿ ಉಳಿದದ್ದೆಷ್ಟು?" "ಯಾವ ಹಸು ತಿಂದದ್ದನ್ನು ಹಿಂದಿರುಗಿಸುತ್ತಿದೆ?" ಹೀಗಿರಲಿ. ಆ ಪ್ರಶ್ನೆಗೆ ಉತ್ತರ ಬರಬೇಕಾದರೆ ಪ್ರತಿಸಾರಿ ಯಾವ ಯಾವ ವಿವರ ಬರೆಯಬೇಕೆಂದು ಯೋಚಿಸಿ. ಅವೇ ನಿಮ್ಮ ಕಾಲಂಗಳು.

ರಾಗಿಯ ಪ್ರಶ್ನೆಯನ್ನೇ ತೆಗೆದುಕೊಳ್ಳೋಣ. ಹಾಳೆಯ ಮೊದಲ ಸಾಲಿನಲ್ಲಿ ಈ ತಲೆಬರಹಗಳು ಬರಲಿ:

ದಿನಾಂಕ | ಹಂಗಾಮು | ಜಮೀನು | ಬೆಳೆ | ಬಾಬು | ಪ್ರಮಾಣ | ಏಕಮಾನ | ಹಣ | ಬಗೆ

12-6-2025 | ಮುಂಗಾರು 2025 | ಹೊಳೆಹೊಲ | ರಾಗಿ | ಉಳುಮೆ | 3 | ಗಂಟೆ | 3000 | ನಗದು

20-7-2025 | ಮುಂಗಾರು 2025 | ಹೊಳೆಹೊಲ | ರಾಗಿ | ಬಿತ್ತನೆ | 2 | ಆಳು | 900 | ನಗದು

20-7-2025 | ಮುಂಗಾರು 2025 | ಹೊಳೆಹೊಲ | ರಾಗಿ | ಬಿತ್ತನೆ | 2 | ಆಳು | 900 | ಮನೆಯವರು

14-8-2025 | ಮುಂಗಾರು 2025 | ದಿಣ್ಣೆಹೊಲ | ತೊಗರಿ | ಕಳೆ | 5 | ಆಳು | 2250 | ನಗದು

ಒಂದು ಘಟನೆಗೆ ಒಂದು ಸಾಲು. ಒಂದು ಕಾಲಂಗೆ ಒಂದೇ ಜಾತಿಯ ವಿವರ. ಇಷ್ಟನ್ನು ಕಟ್ಟುನಿಟ್ಟಾಗಿ ಪಾಲಿಸಿದರೆ ಮುಕ್ಕಾಲು ಕೆಲಸ ಮುಗಿದಂತೆ. ಬಿತ್ತನೆಯ ದಿನ ಕೂಲಿಯವರು ಇಬ್ಬರು, ಮನೆಯವರು ಇಬ್ಬರು ದುಡಿದಿದ್ದರೆ ಎರಡು ಸಾಲು ಬರೆಯಬೇಕೇ ಹೊರತು ಒಂದೇ ಸಾಲಿನಲ್ಲಿ "2+2" ಎಂದು ಬರೆಯಕೂಡದು. ಬೆಳೆಗೊಂದು ಹಾಳೆ, ತಿಂಗಳಿಗೊಂದು ಹಾಳೆ ಮಾಡುವುದೂ ಬೇಡ. ಎಲ್ಲ ಬೆಳೆಗಳೂ, ಎಲ್ಲ ವರ್ಷಗಳೂ ಒಂದೇ ಹಾಳೆಯಲ್ಲಿ ಒಂದರ ಕೆಳಗೊಂದು ಸಾಗಲಿ. ಈಗಿನ ಹಾಳೆಗಳಲ್ಲಿ ಹತ್ತು ಲಕ್ಷಕ್ಕೂ ಮೀರಿದ ಸಾಲುಗಳಿವೆ; ಜಾಗಕ್ಕೆ ಬರವಿಲ್ಲ.

ನಡುನಡುವೆ ಮೊತ್ತ ಹಾಕುವ ಅಭ್ಯಾಸ ನಮ್ಮಲ್ಲಿ ಬೇರೂರಿದೆ. ಪುಟದ ಕೊನೆಗೆ ಮೊತ್ತ ಹಾಕಿ ಮುಂದಿನ ಪುಟಕ್ಕೆ ಒಯ್ಯುವುದು ಪುಸ್ತಕಕ್ಕೆ ಸರಿ. ಇಲ್ಲಿ ಹಾಗೆ ಮಾಡಿದರೆ ಯಂತ್ರವು ಆ ಮೊತ್ತವನ್ನೂ ಒಂದು ಖರ್ಚೆಂದು ಎಣಿಸಿ ಎರಡರಷ್ಟು ತೋರಿಸುತ್ತದೆ. ಹಾಗೆಯೇ "ಸದರಿ" ಎಂದು ಬರೆಯುವುದು, ಮೇಲಿನಂತೆಯೇ ಎಂಬುದಕ್ಕೆ ಎರಡು ಗೆರೆ ಎಳೆಯುವುದು, ಕೋಶಗಳನ್ನು ಕೂಡಿಸಿ ದೊಡ್ಡ ತಲೆಬರಹ ಮಾಡುವುದು, ಅಂದಕ್ಕಾಗಿ ಖಾಲಿ ಸಾಲು ಬಿಡುವುದು ಇವೆಲ್ಲವೂ ತೊಡಕು. ಸಾಲುಗಳನ್ನು ಒಮ್ಮೆ ದಿನಾಂಕದ ಬದಲು ಬೆಳೆಯ ಪ್ರಕಾರ ಜೋಡಿಸಿದಿರೆಂದರೆ "ಸದರಿ" ಎಂಬುದು ಯಾವುದರ ಕೆಳಗೆ ಹೋಗಿ ಕೂರುವುದೋ ಹೇಳಲಾಗದು.

ಹಂಗಾಮು ಎಂಬ ಕಾಲಂ ಏಕೆಂದು ಕೆಲವರು ಕೇಳಬಹುದು, ದಿನಾಂಕವೇ ಇದೆಯಲ್ಲ? ಕೃಷಿ ವರ್ಷವು ಜುಲೈಯಿಂದ ಜೂನ್‌ವರೆಗೆ. ಆದರೆ ರಾಗಿಯ ಮೊದಲ ಉಳುಮೆ ಜೂನ್‌ನಲ್ಲಿಯೋ ಅದಕ್ಕೂ ಮುಂಚೆಯೋ ಆಗಿರುತ್ತದೆ, ಮಾರಾಟ ಮುಂದಿನ ಜನವರಿ, ಫೆಬ್ರವರಿಗೆ ಹೋಗುತ್ತದೆ. ದಿನಾಂಕವನ್ನೇ ನಂಬಿದರೆ ಒಂದೇ ಬೆಳೆಯ ಖರ್ಚು ಒಂದು ವರ್ಷಕ್ಕೂ, ಆದಾಯ ಇನ್ನೊಂದು ವರ್ಷಕ್ಕೂ ಬಿದ್ದು ಲೆಕ್ಕ ಒಡೆಯುತ್ತದೆ.

ಯಂತ್ರ ಎಡವುವ ಸ್ಥಳಗಳು

ಈ ಭಾಗವನ್ನು ನಿಧಾನವಾಗಿ ಓದಬೇಕೆಂದು ಕೋರುತ್ತೇವೆ. ಇಲ್ಲಿ ಹೇಳಿರುವ ತಪ್ಪುಗಳು ಕಣ್ಣಿಗೆ ಬೀಳದೆ ಒಳಗೇ ಉಳಿದುಬಿಡುತ್ತವೆ.

ಪಹಣಿಯಲ್ಲಿ 1-20 ಎಂದರೆ ಒಂದು ಎಕರೆ ಇಪ್ಪತ್ತು ಗುಂಟೆ, ಅಂದರೆ ಒಂದೂವರೆ ಎಕರೆ ಎಂಬುದು ನಮಗೆಲ್ಲ ಗೊತ್ತು. ಇದನ್ನು ಹಾಳೆಯಲ್ಲಿ 1.20 ಎಂದು ಬರೆದರೆ ಯಂತ್ರವು ಒಂದು ಎಕರೆ ಮತ್ತು ಐದನೆಯ ಒಂದು ಭಾಗ ಎಂದು ತಿಳಿಯುತ್ತದೆ. ಎಕರೆವಾರು ಖರ್ಚು ತೆಗೆದಾಗ ಉತ್ತರ ನಾಲ್ಕನೆಯ ಒಂದು ಭಾಗದಷ್ಟು ಹೆಚ್ಚಾಗಿ ಬರುತ್ತದೆ. ವಿಸ್ತೀರ್ಣವನ್ನೆಲ್ಲ ಗುಂಟೆಗಳಲ್ಲಿಯೇ ಬರೆಯುವುದು ಕ್ಷೇಮ. ಎಕರೆಗೆ 40 ಗುಂಟೆಯಂತೆ ಇದು 60 ಗುಂಟೆಯಾಗುತ್ತದೆ. ಎಕರೆ ಬೇಕೆಂದಾಗ 40ರಿಂದ ಭಾಗಿಸಿದರಾಯಿತು.

ಸರ್ವೆ ನಂಬರು 4/2 ಎಂದು ಬೆರಳಚ್ಚು ಮಾಡಿ ನೋಡಿ. ಯಂತ್ರವು ಅದನ್ನು ಫೆಬ್ರವರಿ 4 ಎಂದೋ ಏಪ್ರಿಲ್ 2 ಎಂದೋ ದಿನಾಂಕವಾಗಿ ಬದಲಾಯಿಸಿಬಿಡುತ್ತದೆ. ಒಮ್ಮೆ ಬದಲಾದರೆ ಮೂಲವನ್ನು ಮರಳಿ ಪಡೆಯಲಾಗದು, ಹೊಸದಾಗಿಯೇ ಬರೆಯಬೇಕು. ನಮಗೆ ಮಾತ್ರವಲ್ಲ, ದೊಡ್ಡ ವಿಜ್ಞಾನಿಗಳಿಗೂ ಈ ಕಾಟ ತಪ್ಪಲಿಲ್ಲ. ಮಾರ್ಚ್, ಸೆಪ್ಟೆಂಬರ್ ಎಂಬುದನ್ನು ಹೋಲುವ ಹೆಸರಿನ ಮಾನವ ವಂಶವಾಹಿಗಳು ಎಕ್ಸೆಲ್ ಹಾಳೆಗಳಲ್ಲಿ ದಿನಾಂಕಗಳಾಗಿ ಬದಲಾಗುತ್ತಿದ್ದವು. ವಂಶವಾಹಿಗಳಿಗೆ ಹೆಸರಿಡುವ ಅಂತರರಾಷ್ಟ್ರೀಯ ಸಮಿತಿಯು ಕೊನೆಗೆ ಹೆಸರುಗಳನ್ನೇ ಬದಲಿಸಿ 2020ರಲ್ಲಿ ಪ್ರಕಟಿಸಿತು. ಸರ್ವೆ ನಂಬರನ್ನು ಬದಲಿಸಲು ನಮಗೆ ಅಧಿಕಾರವಿಲ್ಲವಾದ್ದರಿಂದ, ಆ ಕಾಲಂ ಅನ್ನು ಮೊದಲೇ ಆಯ್ಕೆ ಮಾಡಿಕೊಂಡು ಅದರ ಸ್ವರೂಪವನ್ನು ಪಠ್ಯವೆಂದು ನಿಗದಿಪಡಿಸಬೇಕು. ಫಾರ್ಮ್ಯಾಟ್ ಸೆಲ್ಸ್ ಎಂಬಲ್ಲಿ ಟೆಕ್ಸ್ಟ್ ಎಂಬುದನ್ನು ಆರಿಸಿದರೆ ಇದಾಗುತ್ತದೆ. ಬರೆಯುವ ಮುಂಚೆ ಇದನ್ನು ಮಾಡಬೇಕು. ಬರೆದಾದ ಮೇಲೆ ಮಾಡಿದರೆ ಪ್ರಯೋಜನವಿಲ್ಲ.

ಜಾನುವಾರುಗಳ ಕಿವಿಯೋಲೆಯ ಸಂಖ್ಯೆ 12 ಅಂಕಿಗಳದು. ಎಕ್ಸೆಲ್ ಹಾಳೆಯಲ್ಲಿ ಅದನ್ನು ಹಾಗೆಯೇ ಬರೆದರೆ 1.23ರ ಮುಂದೆ ಅಕ್ಷರ ಸೇರಿದ ವಿಚಿತ್ರ ರೂಪ ಕಾಣಿಸುತ್ತದೆ. ಇದನ್ನೂ ಪಠ್ಯವಾಗಿಯೇ ಇಡಬೇಕು. ಬ್ಯಾಂಕ್ ಖಾತೆಯ ಸಂಖ್ಯೆಯೂ ಹೀಗೆಯೇ. ಅದರ ಆರಂಭದ ಸೊನ್ನೆಗಳು ಹಾರಿಹೋಗುತ್ತವೆ. 15 ಅಂಕಿಗಳನ್ನು ಮೀರಿದ್ದರೆ ಕೊನೆಯ ಅಂಕಿಗಳು ಸೊನ್ನೆಯಾಗುತ್ತವೆ. ಕೂಡಿಸಿ ಕಳೆಯದ ಸಂಖ್ಯೆ ಯಾವುದೇ ಇರಲಿ, ಅದನ್ನು ಹೆಸರಿನಂತೆ ಭಾವಿಸಿ ಪಠ್ಯವಾಗಿ ಬರೆಯಿರಿ.

"ಚೀಲ" ಎಂಬುದನ್ನು ಏಕಮಾನವಾಗಿ ಬಳಸಬಾರದು. ಯೂರಿಯಾ ಚೀಲ 45 ಕಿಲೋ, ಡಿಎಪಿ ಚೀಲ 50 ಕಿಲೋ. ನೀವು ರಾಗಿ ತುಂಬುವ ಚೀಲದ ತೂಕ ನಿಮಗೇ ಗೊತ್ತು. ಎಲ್ಲವನ್ನೂ ಕಿಲೋಗ್ರಾಂನಲ್ಲಿ ಬರೆಯಿರಿ. ಪ್ರಮಾಣದ ಕೋಶದಲ್ಲಿ ಅಂಕಿ ಮಾತ್ರ ಇರಲಿ. "3 ಗಂಟೆ" ಎಂದು ಒಟ್ಟಿಗೆ ಬರೆದರೆ ಅದು ಅಂಕಿಯಾಗಿ ಉಳಿಯದೆ ಮಾತಾಗುತ್ತದೆ, ಕೂಡಿಕೆಗೆ ಬರುವುದಿಲ್ಲ.

ಅಂಕಿಯೋ ಮಾತೋ ಎಂದು ಪರೀಕ್ಷಿಸಲು ಸುಲಭ ಉಪಾಯವಿದೆ. ನೀವು ಏನೂ ಬದಲಾಯಿಸದಿದ್ದರೆ ಯಂತ್ರವು ಅಂಕಿ ಮತ್ತು ದಿನಾಂಕಗಳನ್ನು ಕೋಶದ ಬಲಕ್ಕೂ, ಮಾತುಗಳನ್ನು ಎಡಕ್ಕೂ ಒತ್ತಿ ಬರೆಯುತ್ತದೆ. ದಿನಾಂಕದ ಕಾಲಂನಲ್ಲಿ ಯಾವುದಾದರೂ ಒಂದು ಎಡಕ್ಕೆ ಸರಿದು ನಿಂತಿದ್ದರೆ ಅದು ದಿನಾಂಕವಲ್ಲ ಎಂದು ತಿಳಿಯಿರಿ. ಹೊಸ ಗಣಕಯಂತ್ರದಲ್ಲಿ ದೇಶದ ಆಯ್ಕೆ ಅಮೆರಿಕ ಎಂದಿದ್ದರೆ 5-6-2025 ಎಂಬುದು ಜೂನ್ 5ರ ಬದಲು ಮೇ 6 ಆಗಿಬಿಡುತ್ತದೆ. ಇದು ಬಲಕ್ಕೇ ನಿಂತಿರುವುದರಿಂದ ಸಂಶಯವೂ ಬಾರದು. ಆದ್ದರಿಂದ ಮೊದಲ ದಿನವೇ ಆ ಆಯ್ಕೆಯನ್ನು ಭಾರತ ಎಂದು ತಿದ್ದಿಕೊಳ್ಳಬೇಕು.

ಕನ್ನಡದ ಬಗ್ಗೆ ಒಂದು ಮಾತು. ಹಳೆಯ ನುಡಿ ಅಕ್ಷರಗಳಲ್ಲಿ ಬರೆದ ಕಡತಗಳು ಒಳಗೆ ಇಂಗ್ಲಿಷ್ ಸಂಕೇತಗಳಾಗಿಯೇ ಇರುತ್ತವೆ. ಆ ಅಕ್ಷರ ವಿನ್ಯಾಸವಿಲ್ಲದ ಯಂತ್ರದಲ್ಲಿ ತೆರೆದರೆ ಓದಲಾಗದು. ಅಕಾರಾದಿಯಾಗಿ ಜೋಡಿಸಲೂ ಬಾರದು. ಯೂನಿಕೋಡ್ ಕನ್ನಡದಲ್ಲಿಯೇ ಬರೆಯಿರಿ. ಕೀಲಿಮಣೆಯ ವಿನ್ಯಾಸ ಕೆ. ಪಿ. ರಾವ್ ಅವರದೇ ಇಟ್ಟುಕೊಂಡರೂ ಯೂನಿಕೋಡ್‌ನಲ್ಲಿ ಬರೆಯಬಹುದು, ಕಲಿತ ಬೆರಳಿಗೆ ಮತ್ತೆ ಶ್ರಮವಿಲ್ಲ. ಅಂಕಿಗಳನ್ನು ಮಾತ್ರ 1, 2, 3 ಎಂದೇ ಬರೆಯುವುದು ಲೇಸು. ಕನ್ನಡ ಅಂಕಿಗಳು ಎಲ್ಲ ತಂತ್ರಾಂಶಗಳಲ್ಲಿಯೂ ಲೆಕ್ಕಕ್ಕೆ ಒದಗುವುದಿಲ್ಲ.

ಇನ್ನು ಹೆಸರುಗಳು. "ಬಿತ್ತನೆ" ಎಂದೊಮ್ಮೆ, "ಬಿತ್ತಿದ್ದು" ಎಂದೊಮ್ಮೆ, "ಕೂರಿಗೆ" ಎಂದೊಮ್ಮೆ ಬರೆದರೆ ಯಂತ್ರಕ್ಕೆ ಇವು ಮೂರು ಬೇರೆ ಬೇರೆ ಬಾಬುಗಳು. "ರಾಗಿ"ಯ ಮುಂದೆ ಕಾಣದ ಖಾಲಿ ಜಾಗ ಒಂದಿದ್ದರೂ ಅದು ಬೇರೆಯೇ ಬೆಳೆಯೆನಿಸೀತು. ಇದಕ್ಕೆ ಪರಿಹಾರವೆಂದರೆ ಕೋಶದಲ್ಲಿ ಕೈಯಿಂದ ಬರೆಯುವುದನ್ನೇ ತಪ್ಪಿಸುವುದು. ಬೇರೊಂದು ಹಾಳೆಯಲ್ಲಿ ನಿಮ್ಮ ಬೆಳೆ, ಜಮೀನು, ಬಾಬುಗಳ ಹೆಸರುಗಳನ್ನು ಒಮ್ಮೆ ಪಟ್ಟಿ ಮಾಡಿ. ಡೇಟಾ ಎಂಬ ವಿಭಾಗದಲ್ಲಿ ಕ್ಯಾಲ್ಕ್‌ನಲ್ಲಿ ವ್ಯಾಲಿಡಿಟಿ ಎಂದೂ, ಎಕ್ಸೆಲ್‌ನಲ್ಲಿ ಡೇಟಾ ವ್ಯಾಲಿಡೇಷನ್ ಎಂದೂ ಇರುವುದನ್ನು ಒತ್ತಿ, ಆ ಪಟ್ಟಿಯನ್ನು ತೋರಿಸಿ. ಅನಂತರ ಕೋಶದ ಪಕ್ಕದಲ್ಲಿ ಸಣ್ಣ ಬಾಣ ಬರುತ್ತದೆ. ಪಟ್ಟಿಯಿಂದ ಆರಿಸಿದರೆ ಸಾಕು. ತಂತ್ರಾಂಶದಲ್ಲಿರುವ ನೂರಾರು ಸೌಲಭ್ಯಗಳಲ್ಲಿ ಒಂದನ್ನೇ ಕಲಿಯಿರೆಂದರೆ ನಾವು ಇದನ್ನು ಹೇಳುತ್ತೇವೆ.

ಉತ್ತರ ಪಡೆಯುವ ಬಗೆ

ಒಂದು ಹಂಗಾಮಿನ ಸಾಲುಗಳು ತುಂಬಿದ ಮೇಲೆ ಪಿವಟ್ ಟೇಬಲ್ ಎಂಬ ಸಾಧನವನ್ನು ಬಳಸಿ. ಕೋಷ್ಟಕದೊಳಗೆ ಎಲ್ಲಿಯಾದರೂ ಒತ್ತಿ, ಇನ್ಸರ್ಟ್ ವಿಭಾಗದಿಂದ ಅದನ್ನು ತೆರೆಯಿರಿ. ನಿಮ್ಮ ತಲೆಬರಹಗಳೆಲ್ಲ ಪಟ್ಟಿಯಾಗಿ ಬರುತ್ತವೆ. ಬೆಳೆಯನ್ನು ಸಾಲಿನ ಜಾಗಕ್ಕೆ, ಬಗೆಯನ್ನು ಕಾಲಂ ಜಾಗಕ್ಕೆ, ಹಣವನ್ನು ಮೊತ್ತದ ಜಾಗಕ್ಕೆ ಎಳೆದು ಬಿಡಿ. ಯಾವ ಬೆಳೆಗೆ ಕೈಯಿಂದ ಹೋದದ್ದೆಷ್ಟು, ಮನೆಯವರ ದುಡಿಮೆಯ ಬೆಲೆ ಎಷ್ಟು, ಮಾರಾಟದಿಂದ ಬಂದದ್ದೆಷ್ಟು ಎಂಬುದು ಪಕ್ಕಪಕ್ಕದಲ್ಲಿ ಬಂದು ನಿಲ್ಲುತ್ತದೆ. ಮಾರಾಟವಾದ ದಿನ ಅದೇ ಕೋಷ್ಟಕದಲ್ಲಿ ಬಗೆ ಎಂಬಲ್ಲಿ "ಮಾರಾಟ" ಎಂದು ಬರೆದು ಸಾಲು ಸೇರಿಸಿರಬೇಕಷ್ಟೆ. ಹೊಸ ಸಾಲು ಸೇರಿಸಿದ ಮೇಲೆ ಪಿವಟ್ ಟೇಬಲ್ ತಾನಾಗಿ ಬದಲಾಗುವುದಿಲ್ಲ. ಅದರ ಮೇಲೆ ಬಲಗುಂಡಿ ಒತ್ತಿ ರಿಫ್ರೆಶ್ ಎನ್ನಬೇಕು. ಇದು ತಿಳಿಯದೆ ಹಳೆಯ ಮೊತ್ತವನ್ನೇ ನಂಬಿದವರಿದ್ದಾರೆ.

ಮನೆಯವರ ದುಡಿಮೆಗೆ ಬೆಲೆ ಕಟ್ಟುವುದು ಬಹಳ ಮಂದಿಗೆ ಸರಿತೋರುವುದಿಲ್ಲ. "ನಮ್ಮ ಕೈಗೆ ನಾವೇ ಕೂಲಿ ಕೊಡುವುದೇ?" ಎನ್ನುತ್ತಾರೆ. ಕೊಡಬೇಕಾಗಿಲ್ಲ, ಬರೆದರೆ ಸಾಕು. ಬೆಂಬಲ ಬೆಲೆಗೆ ಶಿಫಾರಸು ಮಾಡುವ ಕೃಷಿ ವೆಚ್ಚ ಮತ್ತು ಬೆಲೆಗಳ ಆಯೋಗವೂ ಕೈಯಿಂದ ಹೋದ ವೆಚ್ಚವನ್ನು ಒಂದು ಬಗೆಯಾಗಿಯೂ, ಅದಕ್ಕೆ ಕುಟುಂಬದ ದುಡಿಮೆಯ ಬೆಲೆ ಸೇರಿಸಿದ್ದನ್ನು ಇನ್ನೊಂದು ಬಗೆಯಾಗಿಯೂ ಎಣಿಸುತ್ತದೆ. ಬೆಂಬಲ ಬೆಲೆಯು ಈ ಎರಡನೆಯ ವೆಚ್ಚದ ಒಂದೂವರೆ ಪಟ್ಟಾದರೂ ಇರಬೇಕೆಂಬ ತತ್ವವನ್ನು ಕೇಂದ್ರ ಸರ್ಕಾರವು 2018-19ರ ಮುಂಗಡ ಪತ್ರದಲ್ಲಿ ಸಾರಿತು. ನಿಮ್ಮ ಒಂದು ಎಕರೆ ರಾಗಿಗೆ ಕೈಯಿಂದ 16,000 ರೂಪಾಯಿ ಹೋಗಿ, ಮನೆಯವರ ದುಡಿಮೆ 8,000 ರೂಪಾಯಿಯಷ್ಟಾಗಿ, 8 ಕ್ವಿಂಟಲ್ ಬಂದಿತೆಂದಿಟ್ಟುಕೊಳ್ಳಿ. ಕ್ವಿಂಟಲಿಗೆ ಕೈವೆಚ್ಚ 2,000, ದುಡಿಮೆ ಸೇರಿ 3,000. ವ್ಯಾಪಾರಿ ಅಂಗಳಕ್ಕೆ ಬಂದು ಬೆಲೆ ಹೇಳಿದಾಗ ಈ ಎರಡೂ ಅಂಕಿಗಳು ನಿಮ್ಮ ಬಾಯಲ್ಲಿರಬೇಕು.

ಕೊಟ್ಟಿಗೆಗೆ ದತ್ತಸಂಚಯ

ಹೊಲದ ಖರ್ಚಿಗೆ ಲೆಕ್ಕದ ಹಾಳೆಯೊಂದೇ ಸಾಕು. ದನಗಳ ವಿಷಯ ಹಾಗಲ್ಲ. ಒಂದು ಹಸುವಿಗೆ ಹೆಸರು, ತಳಿ, ಹುಟ್ಟಿದ ದಿನ ಒಂದೇ ಸಾರಿ. ಗರ್ಭಧಾರಣೆ ಹಲವು ಸಾರಿ. ಹಾಲು ವರ್ಷದಲ್ಲಿ ನೂರಾರು ಸಾರಿ. ಇವೆಲ್ಲವನ್ನೂ ಒಂದೇ ಹಾಳೆಗೆ ತುರುಕಿದರೆ ಪ್ರತಿ ಹಾಲಿನ ಸಾಲಿನಲ್ಲಿಯೂ ತಳಿ, ಹುಟ್ಟಿದ ದಿನ ಮತ್ತೆ ಮತ್ತೆ ಬರೆಯಬೇಕು. ಎಲ್ಲೋ ಒಂದೆಡೆ ತಪ್ಪಿದರೆ ಒಂದು ಹಸು ಎರಡಾಗುತ್ತದೆ.

ಇಂತಹ ಸಂಗತಿಗಳಿಗೆ ದಾರಿ ತೋರಿಸಿದವರು ಐಬಿಎಂ ಸಂಸ್ಥೆಯಲ್ಲಿದ್ದ ಇ. ಎಫ್. ಕಾಡ್. 1970ರ ಅವರ ಪ್ರಬಂಧದ ತಿರುಳನ್ನು ನಮ್ಮ ಮಾತಿನಲ್ಲಿ ಹೇಳುವುದಾದರೆ, ಬೇರೆ ಬೇರೆ ಬಗೆಯ ಸಂಗತಿಗೆ ಬೇರೆ ಬೇರೆ ಕೋಷ್ಟಕ ಕಟ್ಟಬೇಕು, ಅವುಗಳನ್ನು ಒಂದು ಗುರುತಿನಿಂದ ಬೆಸೆಯಬೇಕು. ನಮಗೆ ಆ ಗುರುತು ಆಗಲೇ ಹಸುವಿನ ಕಿವಿಯಲ್ಲಿದೆ. ಕಿವಿಯೋಲೆಯ 12 ಅಂಕಿಯ ಸಂಖ್ಯೆ ದೇಶದಲ್ಲಿ ಇನ್ನೊಂದು ಜಾನುವಾರಿಗೆ ಇರುವುದಿಲ್ಲ.

ಬೇಸ್ ಅಥವಾ ಆಕ್ಸೆಸ್‌ನಲ್ಲಿ ಹೊಸ ದತ್ತಸಂಚಯ ತೆರೆದು ನಾಲ್ಕು ಕೋಷ್ಟಕ ಕಟ್ಟಿ. ಹಸುಗಳ ಕೋಷ್ಟಕದಲ್ಲಿ ಓಲೆ ಸಂಖ್ಯೆ, ಹೆಸರು, ತಳಿ, ಹುಟ್ಟಿದ ದಿನ, ತಾಯಿಯ ಓಲೆ ಸಂಖ್ಯೆ. ಇಲ್ಲಿ ಓಲೆ ಸಂಖ್ಯೆಯನ್ನು ಪ್ರೈಮರಿ ಕೀ ಎಂದು ಗುರುತಿಸಬೇಕು. ಆಗ ಒಂದೇ ಸಂಖ್ಯೆಯನ್ನು ಎರಡು ಸಾರಿ ಬರೆಯಲು ಯಂತ್ರವೇ ಬಿಡುವುದಿಲ್ಲ. ಗರ್ಭಧಾರಣೆಯ ಕೋಷ್ಟಕದಲ್ಲಿ ಓಲೆ ಸಂಖ್ಯೆ, ಬೆದೆ ಕಂಡ ದಿನ, ಗರ್ಭಧಾರಣೆ ಮಾಡಿಸಿದ ದಿನ, ವೀರ್ಯದ ಕಡ್ಡಿಯ ಮೇಲಿನ ಹೋರಿಯ ಸಂಖ್ಯೆ, ಗರ್ಭ ಪರೀಕ್ಷೆಯ ದಿನ ಮತ್ತು ಫಲಿತಾಂಶ, ಕರು ಹಾಕಿದ ದಿನ. ಹಾಲಿನ ಕೋಷ್ಟಕದಲ್ಲಿ ಓಲೆ ಸಂಖ್ಯೆ, ದಿನಾಂಕ, ಬೆಳಿಗ್ಗೆ, ಸಂಜೆ. ಚಿಕಿತ್ಸೆಗೆ ಇನ್ನೊಂದು.

ಹಾಲು ಉತ್ಪಾದಕರ ಸಂಘದ ಚೀಟಿಯಲ್ಲಿ ಬರುವುದು ಮನೆಯ ಒಟ್ಟು ಹಾಲು, ಜಿಡ್ಡು, ಜಿಡ್ಡೇತರ ಘನಾಂಶ. ಅದರಿಂದ ಹಸುವಾರು ಲೆಕ್ಕ ತಿಳಿಯದು. ಪ್ರತಿದಿನ ಅಳೆಯಲು ಪುರಸತ್ತಿಲ್ಲದವರು ತಿಂಗಳಿಗೊಮ್ಮೆ ನಿಗದಿಯಾದ ದಿನ ಪ್ರತಿ ಹಸುವಿನ ಎರಡು ಹೊತ್ತಿನ ಹಾಲನ್ನು ಬೇರೆಯಾಗಿ ಅಳೆದು, ಅದನ್ನು ಆ ತಿಂಗಳ ದಿನಗಳಿಂದ ಗುಣಿಸಿದರೆ ಅಂದಾಜು ಸಾಕಷ್ಟು ಹತ್ತಿರ ಬರುತ್ತದೆ. ಹಾಲಿನ ದಾಖಲೆಗೆ ಬಹುಕಾಲದಿಂದ ಬಳಕೆಯಲ್ಲಿರುವ ಕ್ರಮವಿದು.

ಯಂತ್ರಕ್ಕೆ ದಿನಾಂಕವೆಂಬುದು ಒಳಗೊಳಗೆ ಒಂದು ಅಂಕಿ. ಆದ್ದರಿಂದ ದಿನಾಂಕಕ್ಕೆ ದಿನಗಳನ್ನು ಕೂಡಿಸಬಹುದು. ಲೆಕ್ಕದ ಹಾಳೆಯಲ್ಲಾದರೆ ಸಮ ಚಿಹ್ನೆ ಹಾಕಿ, ಗರ್ಭಧಾರಣೆಯ ದಿನಾಂಕವಿರುವ ಕೋಶವನ್ನು ಒತ್ತಿ, +280 ಎಂದು ಬರೆಯಿರಿ. ಹಸುವಿನ ಗರ್ಭಾವಧಿ ಸುಮಾರು 280 ದಿನ. 10-1-2025ರಂದು ಗರ್ಭ ಕಟ್ಟಿದ್ದರೆ 17-10-2025ರ ಆಸುಪಾಸಿನಲ್ಲಿ ಕರು ಹಾಕಬೇಕು. ಅದಕ್ಕಿಂತ 60 ದಿನ ಮೊದಲು, ಅಂದರೆ 18-8-2025ಕ್ಕೆ ಹಾಲು ಬತ್ತಿಸಬೇಕು. ಗರ್ಭ ನಿಲ್ಲದಿದ್ದರೆ 21 ದಿನಕ್ಕೆ, ಅಂದರೆ 31-1-2025ರ ಸುಮಾರಿಗೆ ಮತ್ತೆ ಬೆದೆ ಕಾಣುತ್ತದೆ. ಆ ಎರಡು ಮೂರು ದಿನ ಮುಂಜಾನೆ, ಸಂಜೆ ಕಣ್ಣಿಟ್ಟಿರಬೇಕು. ಮೂರು ಕಾಲಂಗಳಲ್ಲಿ ಈ ಮೂರು ಸೂತ್ರಗಳನ್ನು ಒಮ್ಮೆ ಬರೆದು ಕೆಳಗೆ ಎಳೆದುಬಿಟ್ಟರೆ ಪಂಚಾಂಗ ನೋಡಿ ಬೆರಳೆಣಿಸುವ ಕೆಲಸ ತಪ್ಪುತ್ತದೆ.

ದತ್ತಸಂಚಯದ ಬಲವಿರುವುದು ಕ್ವೆರಿ ಎಂಬುದರಲ್ಲಿ. ಅದು ಒಮ್ಮೆ ಬರೆದಿಟ್ಟ ಪ್ರಶ್ನೆ; ಯಾವಾಗ ತೆರೆದರೂ ಆ ದಿನದ ಉತ್ತರ ಕೊಡುತ್ತದೆ. ಮೊದಲು ಕಟ್ಟಬೇಕಾದ ಕ್ವೆರಿ ಇದು: ಗರ್ಭಧಾರಣೆಯಾಗಿ 60 ದಿನ ಮೀರಿದ್ದರೂ ಗರ್ಭ ಪರೀಕ್ಷೆಯ ದಿನಾಂಕ ಖಾಲಿ ಇರುವ ಹಸುಗಳು ಯಾವುವು? ಎರಡನೆಯದು: ಕರು ಹಾಕಿ 60 ದಿನವಾದರೂ ಬೆದೆ ದಾಖಲಾಗದ ಹಸುಗಳು ಯಾವುವು? ಈ ಎರಡು ಪಟ್ಟಿಗಳಲ್ಲಿ ಹೆಸರು ಬಂದ ಹಸುವನ್ನು ಪಶುವೈದ್ಯರಿಗೆ ತೋರಿಸಬೇಕು.

ಈಗ ಗೌರಿ, ತುಂಗೆಯರ ವಿಚಾರಕ್ಕೆ ಬರೋಣ. ನಾಲ್ಕು ವರ್ಷದ ಹಾಳೆಗಳನ್ನು ಹಾಲು ಮತ್ತು ಕರು ಹಾಕಿದ ದಿನ ಎಂಬ ಎರಡು ಕೋಷ್ಟಕಗಳಾಗಿ ಒಡೆದು ಬರೆಯಲು ಎರಡು ದಿನ ಹಿಡಿಯಿತು. ಗೌರಿಯು ಒಂದು ಸೂಲಿನಲ್ಲಿ 2,700 ಲೀಟರ್ ಕೊಟ್ಟಿತ್ತು, ತುಂಗೆ 2,400. ಇಲ್ಲಿಗೆ ಊರಿನವರ ಮಾತೇ ಸರಿ. ಆದರೆ ಗೌರಿಯ ಒಂದು ಕರುವಿನಿಂದ ಇನ್ನೊಂದು ಕರುವಿನ ಅಂತರ 540 ದಿನ, ತುಂಗೆಯದು 400. ಭಾಗಿಸಿ ನೋಡಿದರೆ ಗೌರಿ ದಿನಕ್ಕೆ 5 ಲೀಟರಿನ ಹಸು, ತುಂಗೆ 6 ಲೀಟರಿನ ಹಸು. ಬತ್ತಿದ ದಿನಗಳಲ್ಲಿಯೂ ಮೇವು ತಿನ್ನಲೇಬೇಕಾದ್ದರಿಂದ ನಿಜವಾದ ಅಂತರ ಇನ್ನೂ ಹೆಚ್ಚು. ಆಕೆ ತುಂಗೆಯ ಮುಂಗಡವನ್ನು ಹಿಂದಿರುಗಿಸಿದರು. ಗೌರಿಯನ್ನು ಮಾರಿದರು.

ಮಾರಿದ ಮೇಲೆ, ಉಳಿದ ಹಾಳೆಗಳನ್ನು ಚಿಕಿತ್ಸೆ ಮತ್ತು ಗರ್ಭಧಾರಣೆಯ ಕೋಷ್ಟಕಕ್ಕೆ ತುಂಬುವಾಗ ಇನ್ನೊಂದು ಸಂಗತಿ ಕಂಡಿತು. ಗೌರಿಗೆ ಗರ್ಭಧಾರಣೆ ಮಾಡಿಸಿದಾಗಲೆಲ್ಲ ಮೊದಲ ಸಾರಿಗೇ ನಿಂತಿತ್ತು. ತಡವಾದದ್ದು ಗರ್ಭಧಾರಣೆ ಮಾಡಿಸುವುದರಲ್ಲಿ. ಹಾಲು ಚೆನ್ನಾಗಿ ಬರುತ್ತಿದೆಯೆಂದು ಬೆದೆಯನ್ನು ಯಾರೂ ಗಮನಿಸಿರಲಿಲ್ಲ. ಎರಡು ಹಸುಗಳ ನಡುವಣ 140 ದಿನಗಳ ಅಂತರವೆಂದರೆ ಆರಕ್ಕೂ ಹೆಚ್ಚು ಬೆದೆಗಳು. ಅಂದರೆ ದೋಷ ಹಸುವಿನಲ್ಲಿರಲಿಲ್ಲ. ಹಾಲು ಮತ್ತು ಕರುವಿನ ಅಂತರವನ್ನು ಕೇಳಿದ ನಾವು, ಅಂತರ ಏಕಾಯಿತೆಂದು ಕೇಳುವಷ್ಟು ದಿನ ಕಾಯಲಿಲ್ಲ. ಈ ತಪ್ಪಿನಲ್ಲಿ ನಮ್ಮ ಪಾಲೂ ಇದೆ. ಈಗ ಆ ಮನೆಯಲ್ಲಿ ಬೆದೆಯ ಕ್ವೆರಿಯನ್ನು ವಾರಕ್ಕೊಮ್ಮೆ ತೆರೆಯುತ್ತಾರೆ.

ಪತ್ರಗಳ ವಿಚಾರ

ಅರ್ಜಿ, ಸಾಲದ ಮನವಿ, ವಿಮೆಯ ಪತ್ರಗಳಿಗೆ ರೈಟರ್ ಅಥವಾ ವರ್ಡ್ ಸಾಕು. ಅದರಲ್ಲಿ ಹೇಳುವಂತಹುದು ಹೆಚ್ಚಿಲ್ಲ. ಸ್ವಸಹಾಯ ಗುಂಪು ಅಥವಾ ಸಂಘದ ಕಾರ್ಯದರ್ಶಿಗಳಾಗಿರುವವರು ಮಾತ್ರ ಮೇಲ್ ಮರ್ಜ್ ಎಂಬುದನ್ನು ಕಲಿಯಬೇಕು. ಸದಸ್ಯರ ಹೆಸರು, ಊರು, ಬಾಕಿ ಮೊತ್ತ ಒಂದು ಕೋಷ್ಟಕದಲ್ಲಿದ್ದರೆ, ಒಂದೇ ನೋಟೀಸನ್ನು ಬರೆದು ಎಲ್ಲರ ಹೆಸರಿಗೂ ಬೇರೆ ಬೇರೆ ಪತ್ರವಾಗಿ ಅಚ್ಚು ಹಾಕಬಹುದು. ಕೋಷ್ಟಕ ಸರಿಯಿರಬೇಕಾದ ನಿಯಮ ಇಲ್ಲಿಯೂ ಅದೇ.

ಕಾಪಾಡಿಕೊಳ್ಳುವುದು

ಹೊಲದಲ್ಲಿ, ಕೊಟ್ಟಿಗೆಯಲ್ಲಿ ಪುಸ್ತಕವನ್ನು ಬಿಡಬೇಡಿ. ಕೆಸರಿನ ಕೈಯಲ್ಲಿ ಪೆನ್ಸಿಲು ಹಿಡಿಯುವುದೇ ಸುಲಭ. ಕಾಗದದಲ್ಲಿ ಬರೆದುದನ್ನು ರಾತ್ರಿ ಹತ್ತು ನಿಮಿಷ ಕುಳಿತು ಕೋಷ್ಟಕಕ್ಕೆ ಏರಿಸಿ. ವಾರದ ಮಟ್ಟಿಗೆ ಬಾಕಿ ಬಿಟ್ಟರೆ ಅರ್ಧ ನೆನಪಿರುವುದಿಲ್ಲ.

ಬೇಸ್ ಬಳಸುವವರು ಒಂದನ್ನು ಗಮನಿಸಬೇಕು. ಒಂದು ಸಾಲು ಬರೆದು ಮುಂದಿನದಕ್ಕೆ ಹೋದಾಗ ಅದು ಸೇರಿತೆಂದು ಕಂಡರೂ, ಕಡತವನ್ನು ಉಳಿಸುವ ಸೇವ್ ಗುಂಡಿಯನ್ನು ಒತ್ತುವವರೆಗೆ ಡಿಸ್ಕಿಗೆ ಹೋಗಿರುವುದಿಲ್ಲ. ಅಷ್ಟರಲ್ಲಿ ವಿದ್ಯುತ್ ಹೋದರೆ ಆ ಹೊತ್ತಿನ ಬರಹವೆಲ್ಲ ಹೋಗುತ್ತದೆ. ನಮ್ಮ ಹಳ್ಳಿಗಳ ವಿದ್ಯುತ್ತಿನ ಸ್ಥಿತಿಯಲ್ಲಿ ಐದೈದು ನಿಮಿಷಕ್ಕೆ ಒತ್ತುವುದು ಅತಿಯಲ್ಲ. ಪ್ರತಿ ಭಾನುವಾರ ಕಡತದ ಒಂದು ನಕಲನ್ನು ಆ ದಿನದ ದಿನಾಂಕ ಸೇರಿಸಿದ ಹೆಸರಿನಲ್ಲಿ ಪೆನ್‌ಡ್ರೈವ್‌ಗೆ ಹಾಕಿ, ಅದನ್ನು ಗಣಕಯಂತ್ರವಿರುವ ಕೋಣೆಯಲ್ಲಿ ಇಡದೆ ಬೇರೆ ಕಡೆ ಇಡಿ. ಹಳೆಯ ನಕಲಿನ ಮೇಲೆ ಹೊಸತನ್ನು ಬರೆಯಬೇಡಿ. ತಪ್ಪು ಸೇರಿದ್ದು ತಿಂಗಳ ನಂತರ ತಿಳಿದರೆ ಹಿಂದಿನ ನಕಲೇ ಆಧಾರ.

ಪ್ರತಿ ತಿಂಗಳ ಮೊದಲ ದಿನ ಆ ತಿಂಗಳಲ್ಲಿ ಬೆದೆ ನೋಡಬೇಕಾದ, ಗರ್ಭ ಪರೀಕ್ಷೆ ಮಾಡಿಸಬೇಕಾದ, ಹಾಲು ಬತ್ತಿಸಬೇಕಾದ, ಕರು ಹಾಕಲಿರುವ ಹಸುಗಳ ಪಟ್ಟಿಯನ್ನು ಅಚ್ಚು ಹಾಕಿ. ಅಕ್ಷರ ದಪ್ಪವಾಗಿರಲಿ, ಹಸುವಿನ ಹೆಸರು ಮೊದಲು ಬರಲಿ, ಓಲೆ ಸಂಖ್ಯೆ ಆಮೇಲೆ. ಅದನ್ನು ಪ್ಲಾಸ್ಟಿಕ್ ಹಾಳೆಯಲ್ಲಿ ಹಾಕಿ, ಹಾಲು ಕರೆಯುವವರ ಕಣ್ಣಿಗೆ ಬೀಳುವಂತೆ ಕೊಟ್ಟಿಗೆಯ ಕಂಬಕ್ಕೆ, ದನಗಳ ಬಾಯಿಗೆ ಎಟುಕದ ಎತ್ತರದಲ್ಲಿ ಕಟ್ಟಿ.